ಗಿಡ್ಡ ಮಾಡಿ ಬರೆದ ಮಗ್ಗ

ಮೂವತ್ತೆರಡು ವರ್ಷ ನಾನು ಬಾಗಲಕೋಟೆಯ ಒಬ್ಬರೇ ಆರ್ಕಿಟೆಕ್ಟರ ಕೈಕೆಳಗೆ ನಕ್ಷೆ ಬರೆದೆ. ಮೊದಲು ಹಳೇ ಊರಿನಲ್ಲಿ, ಅಣೆಕಟ್ಟಿನ ಹಿನ್ನೀರು ಬಂದು ಊರೇ ಎದ್ದು ಬೇರೆ ಕಡೆ ಹೋದ ಮೇಲೆ ನವನಗರದಲ್ಲಿ. ನನ್ನ ಹುದ್ದೆಯ ಹೆಸರು ಕೊನೆಯ ದಿನದವರೆಗೂ ಡ್ರಾಫ್ಟ್ಸ್‌ಮನ್ ಎಂದೇ ಇತ್ತು. ಅದರೊಳಗಿನ ಗಂಡಸನ್ನು ತೆಗೆದುಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಈಗ ನಮ್ಮ ಓಣಿಯ ಇಬ್ಬರು ಹುಡುಗಿಯರು ಅದೇ ಕೋರ್ಸು ಮುಗಿಸಿ ಕೆಲಸಕ್ಕೆ ಹೊರಟಿದ್ದಾರೆ. "ಆಂಟಿ, ಆಫೀಸಿನ್ಯಾಗ ಕೆಲಸ ಹೆಂಗಿರತೈತ್ರಿ?" ಎಂದು ಕೇಳಿದರು. ಕಟ್ಟೆಯ ಮೇಲೆ ಕೂತು ಹೇಳಲು ಶುರುಮಾಡಿದೆ. ಅವರಿಗೆ ಬಸ್ಸಿನ ಹೊತ್ತಾಯಿತು. ಉಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಇನಾಮದಾರ ಸರ್ ಒಳ್ಳೆಯ ಮನುಷ್ಯ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಅಜ್ಜ ಸಂಸ್ಕೃತ ಪಂಡಿತರು, ತಂದೆ ಕಾಲೇಜಿನ ಮಾಸ್ತರರು. ಮನೆತನದಲ್ಲೇ ಇದ್ದ ವಿದ್ಯೆ ಇವರ ಪಾಲಿಗೆ ಬರುವಾಗ ಸಿದ್ಧಾಂತವಾಗಿ ಬಂದಿತ್ತು. ವರ್ಷಕ್ಕೊಮ್ಮೆಯಾದರೂ ಪುಣೆ, ಮುಂಬೈ, ಅಹಮದಾಬಾದು ಅಂತ ಹೋಗಿ ದೊಡ್ಡ ದೊಡ್ಡ ಆರ್ಕಿಟೆಕ್ಟರ ಭಾಷಣ ಕೇಳಿ ಬರುತ್ತಿದ್ದರು. ಹೋಗುವಾಗ ಇದ್ದ ಮನುಷ್ಯ ಬರುವಾಗ ಇರುತ್ತಿರಲಿಲ್ಲ. ಚಷ್ಮಾ ಬದಲಾಗುತ್ತಿತ್ತು, ಅಂಗಿಯ ಕಾಲರ್ ಬದಲಾಗುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಕಟ್ಟಡ ಅಂದರೆ ಏನು ಎಂಬುದು ಬದಲಾಗುತ್ತಿತ್ತು. ಅವರ ಮನೆಯವರು ಆಫೀಸಿಗೆ ಫೋನ್ ಮಾಡಿ, "ಗಿರಿಜಾ, ಮಂದಿ ಊರಿಗೆ ಹೋದ್ರ ಸೀರಿ ತರತಾರ. ಇವರು ಈ ಸಲ ಏನ ತಂದಾರ ನೋಡವಾ" ಎನ್ನುತ್ತಿದ್ದರು. ಮರುದಿನವೇ ಗೊತ್ತಾಗುತ್ತಿತ್ತು. ಅರ್ಧ ಬರೆದ ನಕ್ಷೆಗಳನ್ನೆಲ್ಲ ಸರ್ ನನ್ನ ಟೇಬಲ್ಲಿನಿಂದ ಎತ್ತಿ ಪಕ್ಕಕ್ಕಿಟ್ಟು, "ಇವೆಲ್ಲಾ ಸುಳ್ಳು" ಎನ್ನುತ್ತಿದ್ದರು.

ನಾನು ಬಂದ ಹೊಸತರಲ್ಲಿ ಅವರು ಪುಣೆಯಿಂದ ತಂದದ್ದು, ಗೋಡೆ ಸುಮ್ಮನಿರಬೇಕು ಎಂಬ ಸಿದ್ಧಾಂತ. ಅಲಂಕಾರ ಎಂಬುದು ಅಪರಾಧ. ಗೋಡೆ ಬರೀ ಗೋಡೆಯಾಗಿರಬೇಕು. ಆಗ ಸಿಕ್ಕವರು ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಅವರ ಮನೆಯ ಗೋಡೆಯಲ್ಲಿ ನಾವು ದೀಪ ಇಡುವ ಮಾಡ ಇಡಲಿಲ್ಲ, ಅಟ್ಟ ಇಡಲಿಲ್ಲ, ಅಡಿಗೆಮನೆಗೆ ಒಂದು ಹಲಗೆಯನ್ನೂ ಇಡಲಿಲ್ಲ. ಮಾಸ್ತರರ ಹೆಂಡತಿ ನಕ್ಷೆ ನೋಡಿ, "ಡಬ್ಬಿ ಎಲ್ಲಿ ಇಡೋದ್ರಿ?" ಎಂದರು.

"ಜೀವನಕ್ಕ ಬೇಕಾದ್ದಷ್ಟ ಇಟ್ಟುಕೋಬೇಕ್ರಿ" ಎಂದರು ಸರ್.

"ಉಪ್ಪಿನಕಾಯಿ ಭರಣಿ ಬೇಕಾದ್ದರಾಗ ಬರತಾವೋ ಇಲ್ಲೋ, ಅಷ್ಟ ಹೇಳ್ರಿ ನನಗ."

ಸರ್ ಭರಣಿಯ ಬಗ್ಗೆ ಏನೂ ಹೇಳದೆ ಬೆಳಕಿನ ಬಗ್ಗೆ ಹೇಳಿದರು. ಮನೆ ಆಯಿತು. ಮೂರು ತಿಂಗಳ ಮೇಲೆ ಫೋಟೋ ತೆಗೆಯಲೆಂದು ಹೋದೆವು. ಪಡಸಾಲೆಯ ಗೋಡೆಯ ಮೇಲೆ ಹಿರಿಯರ ಫೋಟೋ ನಾಲ್ಕು, ಬಸವಣ್ಣನವರ ಪಟ, ಎರಡು ಬ್ಯಾಂಕಿನ ಕ್ಯಾಲೆಂಡರು, ಗಡಿಯಾರ, ಕೊಡೆ, ಮೊಮ್ಮಗನ ಶಾಲೆ ಚೀಲ. ಪ್ರತಿಯೊಂದಕ್ಕೂ ಒಂದೊಂದು ಮೊಳೆ. ಸರ್ ಬಹಳ ಹೊತ್ತು ಗೋಡೆ ನೋಡಿದರು. ಯಾರೋ ತೀರಿಕೊಂಡ ಮನೆಗೆ ಬಂದವರ ಹಾಗೆ ನಿಂತಿದ್ದರು. ಮಾಸ್ತರರು ಮಾತ್ರ ಖುಷಿಯಲ್ಲಿದ್ದರು. "ಗ್ವಾಡಿ ಭಾಳ ಗಟ್ಟಿ ಅದಾವ ಸರ್. ಒಂದು ಮೊಳಿನೂ ಅಳ್ಳಾಡವಲ್ದು" ಎಂದರು.

ಆಮೇಲೆ ಒಳಗೂ ಹೊರಗೂ ಒಂದೇ ಎಂಬ ಸಿದ್ಧಾಂತ ಬಂತು. ಇದು ಅಹಮದಾಬಾದಿನದು. ಗೋಡೆ ಅಂದರೆ ಮನುಷ್ಯನ ಅಹಂಕಾರ, ನಿಸರ್ಗ ಒಳಗೆ ಹರಿದು ಬರಬೇಕು. ದುರ್ದೈವಕ್ಕೆ ಆಗ ನಮ್ಮ ಕೈಯಲ್ಲಿದ್ದದ್ದು ಬಾದಾಮಿಯ ಒಂದು ಲಾಡ್ಜು. ಮಾಲಕರು ಕಿಟಕಿಗೆ ಜಾಳಿಗೆ ಬೇಕು ಎಂದು ಮೂರು ಸಲ ಕೇಳಿದರು. ಸರ್ ಮೂರು ಸಲವೂ ಕೆಂಪು ಗುಡ್ಡ ತೋರಿಸಿ, "ಇಂಥಾ ನೋಟಕ್ಕ ಕಂಬಿ ಹಾಕತೀರೇನು?" ಎಂದರು. ಬಾದಾಮಿ ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮೊದಲ ವಾರವೇ ಮಂಗಗಳು ಬಂದವು. ಬಾಳೆಹಣ್ಣು ಹೋಯಿತು, ಚಷ್ಮಾ ಹೋಯಿತು, ಯಾತ್ರಿಕರೊಬ್ಬರ ಗುಳಿಗೆ ಡಬ್ಬಿ ಹೋಯಿತು. ಸರ್ ನೋಡಲು ಹೋದಾಗ ಒಂದು ದೊಡ್ಡ ಗಡವ ಮಂಗ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿತ್ತು.

ನಮ್ಮ ಕಟ್ಟಡಗಳ ಗೌಂಡಿ ಕೆರೂರಿನ ಯಮನಪ್ಪ. ನನಗಿಂತ ಹತ್ತು ವರ್ಷ ದೊಡ್ಡವನು, ಕೈಯಲ್ಲಿ ತೂಗುಗುಂಡು ಇಲ್ಲದೆಯೂ ಗೋಡೆ ನೇರ ಇದೆಯೋ ಇಲ್ಲವೋ ಹೇಳುವವನು. ಅವನೇ ಸರ್ ಹತ್ತಿರ ಹೋಗಿ ಹೇಳಿದ: "ಸಾಹೇಬ್ರ, ಒಳಗ ಹೊರಗ ಒಂದ ಅಂತ ನೀವು ಅಂದ್ರಿ. ಮಂಗ್ಯಾಗೋಳು ಒಪ್ಪಿದವ್ರಿ. ಮಂದಿ ಒಪ್ಪವಲ್ರು." ಮುಂದಿನ ವಾರ ಮಾಲಕರು ಜಾಳಿಗೆ ಹಾಕಿಸಿದರು. ಆ ಲಾಡ್ಜಿನ ಹೆಸರನ್ನು ನಮ್ಮ ಕಟ್ಟಡಗಳ ಪಟ್ಟಿಯಿಂದ ತೆಗೆದುಹಾಕಲು ಸರ್ ನನಗೆ ಹೇಳಿದರು. ನಾವು ಮಾಡಿದ ಕಟ್ಟಡಗಳಲ್ಲಿ ಇವತ್ತಿಗೂ ದಿನಾ ಮಂದಿ ತುಂಬುವುದು ಅದೊಂದೇ.

ಗುಡೂರಿನ ಮನೆಯನ್ನೂ ಹೇಳಬೇಕು. ದೊಡ್ಡ ಒಕ್ಕಲುತನದ ಮನೆತನ, ಕೈ ಬಿಚ್ಚಿ ಕಟ್ಟಿಸುವವರು. ಆ ಹೊತ್ತಿಗೆ ಸರ್, ಸಾಮಗ್ರಿ ಸತ್ಯ ಹೇಳಬೇಕು ಎಂಬುದಕ್ಕೆ ಬಂದಿದ್ದರು. ಕಾಂಕ್ರೀಟು ಕಾಂಕ್ರೀಟಾಗಿ ಕಾಣಬೇಕು, ಇಟ್ಟಿಗೆ ಇಟ್ಟಿಗೆಯಾಗಿ. ಗಿಲಾವು ಬಳಿದರೆ ಸುಳ್ಳು ಹೇಳಿದಂತೆ, ಬಣ್ಣ ಹಚ್ಚಿದರೆ ಎರಡು ಸುಳ್ಳು. ಮನೆಯ ಹಿರಿಯರು ಸರ್ ಮೇಲಿನ ಗೌರವಕ್ಕೆ ಒಪ್ಪಿದರು. ವಾಸ್ತುಶಾಂತಿಗೆ ಊರೆಲ್ಲ ಬಂತು. ಉಂಡವರೆಲ್ಲ ಗೋಡೆ ನೋಡಿ, ಕೈ ತೊಳೆದು, ಹಿರಿಯರ ಹತ್ತಿರ ಹೋಗಿ ಮೆಲ್ಲಗೆ ಸಮಾಧಾನ ಹೇಳಿದರು: "ಇರಲಿ ಬಿಡ್ರಿ ಗೌಡ್ರ, ಗಿಲಾವು ಮುಂದಿನ ವರ್ಷ ಮಾಡಿಸಿದ್ರಾತು. ಎಲ್ಲಾರ ಮನ್ಯಾಗೂ ಹೆಚ್ಚು ಕಡಿಮಿ ಇರೂದ." ಹಿರಿಯರು ಎಷ್ಟು ಜನಕ್ಕೆ ಸಾಮಗ್ರಿಯ ಸತ್ಯ ಬಿಡಿಸಿ ಹೇಳುತ್ತಾರೆ? ಸಂಜೆಗೆ ಅವರೇ, "ಹೌದು, ಮುಂದಿನ ವರ್ಷ" ಎನ್ನಲು ಶುರುಮಾಡಿದರು. ಯಮನಪ್ಪ ನನ್ನನ್ನು ಬದಿಗೆ ಕರೆದು, "ಅಕ್ಕಾರ, ಈ ಮನಿ ನಾ ಕಟ್ಟಿದ್ದು ಅಂತ ಕೆರೂರಾಗ ಯಾರಿಗೂ ಹೇಳಬ್ಯಾಡ್ರಿ" ಎಂದು ಕೈಮುಗಿದ. ನುಣ್ಣನೆಯ ಗಿಲಾವಿಗೆ ಹೆಸರಾದವನು ಅವನು.

ಇಷ್ಟು ಓದಿ ನೀವು ನಕ್ಕಿರಬೇಕು. ನಾನೂ ಬಹಳ ನಕ್ಕಿದ್ದೇನೆ. ಸರ್ ಹೊರಗೆ ಹೋದಾಗ ಆಫೀಸಿನಲ್ಲಿ ಅವರ ಹಾಗೆ ಚಷ್ಮಾ ಮೇಲೆತ್ತಿ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದವಳು ನಾನೇ. ಆದರೆ ಆ ಎಲ್ಲ ನಕ್ಷೆ ಬರೆದದ್ದು ನನ್ನ ಕೈ. ಇದನ್ನು ನಾನು ಯೋಚಿಸಿದ್ದು ತೀರ ತಡವಾಗಿ.

ನಡುವೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆಯುತ್ತಿದ್ದೆವು. ಒಂದು ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು. ಎರಡು ಸಲ ಕೆರೆದರೆ ಹಾಳೆ ತೂತು. ಹಾಗಾಗಿ ಗೆರೆ ಎಳೆಯುವ ಮೊದಲು ಕೈ ನಿಲ್ಲುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ತಪ್ಪಿಗೆ ತೂತು ಬೀಳುವುದು ನಿಂತಿತು. ಮಂಚ, ಸೋಫಾ, ಊಟದ ಟೇಬಲ್ಲು ಎಲ್ಲ ಅದರೊಳಗೆ ಸಿದ್ಧವಾಗಿ ಇರುತ್ತವೆ, ಎತ್ತಿ ಇಡುವುದಷ್ಟೇ. ಬಣ್ಣದ ಚಿತ್ರವನ್ನೂ ಅದೇ ಮಾಡಿಕೊಡುತ್ತದೆ. ಹುನಗುಂದದ ಒಂದು ಮನೆಯ ಚಿತ್ರದಲ್ಲಿ ಬಾಗಿಲ ಮುಂದೆ ಉದ್ದ ಕೋಟು ತೊಟ್ಟ ಬಿಳಿಯನೊಬ್ಬ ನಾಯಿ ಹಿಡಿದುಕೊಂಡು ಹೊರಟಿದ್ದ. ಮಾಲಕರು ಅವನ ಮೇಲೆ ಬೆರಳಿಟ್ಟು, "ಇವರು ಯಾರ್ರಿ, ಬಾಡಿಗಿದಾರರೇನು?" ಎಂದು ಕೇಳಿದ್ದರು.

ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ, ಹೇಗೂ ನೀವು ಆರು ತಿಂಗಳಲ್ಲಿ ಕಲಿಯುತ್ತೀರಿ. ಕೋಣೆ ಸಣ್ಣದಾಗಿದ್ದರೆ ಅದರಲ್ಲಿ ಇಡುವ ಮಂಚವನ್ನು ಒಂದಿಷ್ಟು ಗಿಡ್ಡ ಮಾಡಿ ಬರೆಯಬೇಕು. ಆರೂವರೆ ಅಡಿಯ ಮಂಚ ಐದೂವರೆಯಾದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಮಂಚದ ಅಳತೆ ಯಾರೂ ಕೇಳುವುದಿಲ್ಲ. ಎಲ್ಲ ಆಫೀಸಿನಲ್ಲೂ ಮಾಡುತ್ತಾರೆ. ನಾನೂ ಎಷ್ಟೋ ಸಲ ಮಾಡಿದ್ದೆ.

ಈಗ ನೀಲವ್ವನ ಮಾತಿಗೆ ಬರುತ್ತೇನೆ.

ನಾನು ನಿವೃತ್ತಿಯಾಗುವುದಕ್ಕೆ ನಾಲ್ಕು ವರ್ಷ ಮೊದಲು, ಸರ್ ಮುಂಬೈಯಲ್ಲಿ ಬಹಳ ದೊಡ್ಡ ಆರ್ಕಿಟೆಕ್ಟರೊಬ್ಬರ ಮಾತು ಕೇಳಿ ಬಂದರು. ಇವರ ಹೆಸರು ಬೇಡ, ದೊಡ್ಡವರು ಎನ್ನುತ್ತೇನೆ. ಅವರ ತತ್ವ ಏನೆಂದರೆ, ಮನೆ ಅಂದರೆ ಗೋಡೆ ಅಲ್ಲ, ಗೋಡೆಗಳ ನಡುವಿನ ಬಯಲು. ಇನ್ನೊಂದು, ಸಾಮಾನ್ಯರಿಗೆ ಕಟ್ಟದವನು ಆರ್ಕಿಟೆಕ್ಟನೇ ಅಲ್ಲ. ಸರ್ ಅವರನ್ನು ಕಂಡು ಮಾತಾಡಿಸಿದ್ದರು. ಮುಂದಿನ ವರ್ಷ ಬಾದಾಮಿ ಗುಡಿಗಳನ್ನು ನೋಡಲು ಬಂದಾಗ ನಿಮ್ಮ ಒಂದು ಸಣ್ಣ ಮನೆ ತೋರಿಸಿ ಎಂದು ಅವರು ಹೇಳಿದ್ದರಂತೆ. ಸರ್ ಬಂದವರೇ ನನ್ನ ಟೇಬಲ್ ಹತ್ತಿರ ನಿಂತು, "ಗಿರಿಜಾ, ನಮಗೊಬ್ಬ ಸಾಮಾನ್ಯ ಮನುಷ್ಯಾ ಬೇಕಾಗ್ಯಾನ. ನಕ್ಷಿ ಪುಕ್ಕಟ ಮಾಡಿಕೊಡೋಣು" ಎಂದರು.

ನನ್ನ ತವರು ಇಳಕಲ್. ನಮ್ಮ ಅವ್ವನ ಮನೆಯ ಹಿಂದಿನ ಓಣಿಯಲ್ಲಿ ನೀಲವ್ವ ಎಂಬ ನೇಕಾರಳು ಇದ್ದಳು. ಬಾಡಿಗೆ ಮನೆಯಲ್ಲಿ ಕುಣಿಮಗ್ಗ ಹೂಡಿಕೊಂಡು, ಗಂಡ ನೂಲಿನ ಕೆಲಸ ನೋಡಿಕೊಂಡರೆ ಇವಳು ಸೀರೆ ನೇಯುತ್ತಿದ್ದಳು. ಕುಣಿಮಗ್ಗ ಅಂದರೆ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಊರ ಹೊರಗೆ ಮೂವತ್ತು ನಲವತ್ತರ ಒಂದು ಜಾಗ ಅವರಿಗೆ ಸಿಕ್ಕಿತ್ತು. ಸ್ವಂತ ಮನೆ, ಅದರಲ್ಲಿ ಸ್ವಂತ ಮಗ್ಗ ಎಂಬುದು ಅವಳು ಮದುವೆಯಾದಾಗಿನಿಂದ ಹೇಳುತ್ತಿದ್ದ ಮಾತು. ನಾನೇ ಅವಳ ಹೆಸರು ಹೇಳಿದೆ. ನಾನೇ ಅವಳನ್ನು ಆಫೀಸಿಗೆ ಕರೆಸಿದೆ.

ಸರ್ ಅವಳಿಗೆ ಬಯಲಿನ ವಿಷಯ ತಿಳಿಸಿ ಹೇಳಿದರು. ಮನೆಯ ನಟ್ಟನಡುವೆ ಮೂರು ಮೆಟ್ಟಿಲು ಇಳಿದು ಒಂದು ತಗ್ಗಾದ ಅಂಗಳ, ಮೇಲೆ ಆಕಾಶ, ಅದರಲ್ಲಿ ಏನೂ ಇರಬಾರದು. "ನಿಮ್ಮ ಶರಣರೂ ಬಯಲು ಅಂತನ ಹೇಳ್ಯಾರಲ್ಲಾ" ಎಂದರು.

"ಹೌದ್ರಿ. ಆದ್ರ ಬಯಲಾಗೂದು ಇನ್ನೂ ಸ್ವಲ್ಪ ದಿನ ಹೋಗ್ಲಿ ಬಿಡ್ರಿ ಸಾಹೇಬ್ರ" ಎಂದಳು ನೀಲವ್ವ. "ಈಗ ಮಗ್ಗ ಎಲ್ಲಿ ಹೂಡೂದು, ಅದನ್ನ ಹೇಳ್ರಿ."

ಸರ್ ನಕ್ಕು ನನ್ನ ಕಡೆ ಕೈ ತೋರಿಸಿದರು. ನಾನು ಇಳಕಲ್ಲಿಗೆ ಹೋಗಿ ಟೇಪು ಹಿಡಿದು ಮಗ್ಗ ಅಳೆದೆ. ಅವಳು ಕೂರುವ ಕಟ್ಟೆಯಿಂದ ಹಾಸಿನ ನೂಲು, ಅಂದರೆ ಸೀರೆಯ ಉದ್ದಕ್ಕೆ ಎಳೆದ ನೂಲು, ಕಟ್ಟುವ ಗೂಟದವರೆಗೆ ಹದಿನಾಲ್ಕು ಅಡಿ. ನೀಲವ್ವ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ನಾನು ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಬಗ್ಗಿ ನೋಡಿದಳು.

ಆಫೀಸಿಗೆ ಬಂದು ಹಾಕಿ ನೋಡಿದರೆ, ನಡುವಿನ ಬಯಲು ತಿಂದು ಉಳಿದ ಕೋಣೆ ಹತ್ತೂವರೆ ಅಡಿ. ಸರ್‌ಗೆ ಹೇಳಿದೆ.

"ಸರ್, ಮಗ್ಗ ಕೂಡವಲ್ದ್ರಿ. ಬಯಲು ಒಂದಿಷ್ಟು ಸಣ್ಣದು ಮಾಡಬೇಕಾಗ್ತೈತಿ."

"ಬಯಲು ಸಣ್ಣದು ಮಾಡಿದ್ರ ಅದು ಅಂಗಳಾ ಆಗ್ತದ, ಬಯಲು ಆಗೂದಿಲ್ಲಾ" ಎಂದರು ಸರ್. "ಈಗ ಸಣ್ಣ ಮಗ್ಗನೂ ಬಂದಾವ. ಮನುಷ್ಯಾ ಜಾಗಕ್ಕ ಹೊಂದಕೋತಾನ. ನೀ ಹೆಂಗರೆ ಮಾಡಿ ಕೂಡಸು."

ಕಂಪ್ಯೂಟರಿನ ಉಗ್ರಾಣದಲ್ಲಿ ಈಜುಕೊಳ ಇತ್ತು, ಪಿಯಾನೋ ಇತ್ತು, ಮಗ್ಗ ಇರಲಿಲ್ಲ. ನಾನೇ ಬರೆದೆ. ಬರೆಯುವಾಗ ಹತ್ತು ಅಡಿ ಮಾಡಿ ಬರೆದೆ. ಕೋಣೆಯಲ್ಲಿ ಚಂದವಾಗಿ ಕೂತಿತು, ಬದಿಗೆ ಓಡಾಡಲು ಜಾಗವೂ ಕಂಡಿತು. ಎರಡು ನಿಮಿಷದ ಕೆಲಸ. ಆಮೇಲೆ ಡಬ್ಬಿ ತೆಗೆದು ಊಟ ಮಾಡಿದೆ.

ನೀಲವ್ವ ನಕ್ಷೆ ನೋಡಲು ಬಂದಳು. ಗೆರೆಗಳ ನಡುವೆ ಮಗ್ಗ ಗುರುತು ಹಿಡಿದು, ಅದರ ಮೇಲೆ ಬೆರಳಾಡಿಸಿ, "ಕೂತೈತೇನಕ್ಕಾ?" ಎಂದಳು.

"ಕೂತೈತಿ" ಎಂದೆ.

ಮನೆ ಎದ್ದಿತು. ಗೋಡೆ ಎದೆಮಟ್ಟ ಬಂದಾಗ ಯಮನಪ್ಪ ಆ ಕೋಣೆಯಲ್ಲಿ ನಿಂತು, "ಇದು ಏನು ಮಲಗೂ ಖೋಲಿ ಏನ್ರಿ ಅಕ್ಕಾರ?" ಎಂದು ಕೇಳಿದ. ಮಗ್ಗದ ಕೋಣೆ ಎಂದೆ. ಅವನು ಇಳಕಲ್ ಸುತ್ತಮುತ್ತ ನೇಕಾರರ ಮನೆ ಎಷ್ಟೋ ಕಟ್ಟಿದವನು. ಕೋಣೆಯನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ, ಗಾರೆ ಕಲೆಸಲು ಹೋದ.

ಬಾಡಿಗೆ ಮನೆ ಬಿಟ್ಟು ಅವರು ಹೊಸ ಮನೆಗೆ ಬಂದರು. ವಾಸ್ತುಶಾಂತಿಗೆ ಸರ್ ಹೋಗಿ, ಬಯಲಿನ ಮೆಟ್ಟಿಲ ಮೇಲೆ ಕೂತು ಹೋಳಿಗೆ ಉಂಡು ಬಂದರು. ನಾನು ಏನೋ ನೆಪ ಹೇಳಿ ಹೋಗಲಿಲ್ಲ. ಎರಡು ತಿಂಗಳ ಮೇಲೆ ಅವ್ವ ಫೋನಿನಲ್ಲಿ ಬೇರೇನೋ ಮಾತಾಡುತ್ತ, "ನೀಲವ್ವ ಈಗ ಮಂದಿ ಮಗ್ಗದ ಮ್ಯಾಲೆ ಕೂಲಿ ನೇಯಾಕ ಹೋಗತಾಳಂತವಾ. ತನ್ನ ಮಗ್ಗ ಬಿಚ್ಚಿ ಕಟ್ಟಿ ಇಟ್ಟಾಳ" ಎಂದಳು.

ಆ ಭಾನುವಾರ ಬಸ್ಸು ಹತ್ತಿದೆ. ನೀಲವ್ವ ಮನೆಯಲ್ಲಿದ್ದಳು. ಮಗ್ಗದ ಕಟ್ಟಿಗೆಗಳನ್ನೆಲ್ಲ ಬಿಚ್ಚಿ, ಹಳೇ ಸೀರೆಯಲ್ಲಿ ಸುತ್ತಿ, ಆ ಹತ್ತೂವರೆ ಅಡಿ ಕೋಣೆಯ ಗೋಡೆಗೆ ಆನಿಸಿ ಇಟ್ಟಿದ್ದಳು. ನಡುವಿನ ಬಯಲು ಸ್ವಚ್ಛವಾಗಿ ಗುಡಿಸಿತ್ತು, ಖಾಲಿಯಾಗಿತ್ತು. ಬಿಸಿಲು ಅದರೊಳಗೆ ಬಿದ್ದಿತ್ತು. ಸರ್ ಬಯಸಿದ ಹಾಗೇ ಇತ್ತು.

"ಅಳತಿ ಎಲ್ಲೆರೆ ತಪ್ಪಿತೇನಕ್ಕಾ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದಳು. ಟೇಪಿನ ತುದಿ ತಾನು ಸರಿಯಾಗಿ ಹಿಡಿಯಲಿಲ್ಲವೇನೋ ಎಂದು ಅವಳಿಗೆ ಅನುಮಾನವಿತ್ತು. ಎರಡು ತಿಂಗಳಿಂದ ಗಂಡನೂ ಅದನ್ನೇ ಅನ್ನುತ್ತಿದ್ದನಂತೆ.

"ಅಳತಿ ತಪ್ಪಿಲ್ಲ ನೀಲವ್ವ. ನೀ ಹಿಡಿದದ್ದು ಸರಿ ಇತ್ತು. ನಾ ಗೊತ್ತಿದ್ದ ಗಿಡ್ಡ ಮಾಡಿ ಬರದೆ."

ಅವಳು ನನ್ನ ಮುಖ ನೋಡಿದಳು. "ಸಾಹೇಬ್ರಿಗೆ ಹೇಳಬೇಕಾಗಿತ್ತಿಲ್ಲ?"

"ಒಮ್ಮೆ ಹೇಳಿದ್ದೆ."

"ಒಮ್ಮೆ" ಎಂದಳು. ಎದ್ದು ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಅಲ್ಲಿಂದಲೇ ಯಮನಪ್ಪನಿಗೆ ಫೋನ್ ಮಾಡಿದೆ. ಮರುದಿನ ನಾನು ರಜೆ ಹಾಕಿದೆ, ಅವನು ಕೆರೂರಿನಿಂದ ಬಂದ. ಬಂದವನೇ ಬಯಲಿಗೆ ಇಳಿದು ಹೆಜ್ಜೆ ಹಾಕಿ ಅಳೆದ. "ಹದಿನಾರಡಿ ಐತ್ರಿ. ಮಗ್ಗ ಇಲ್ಲೆ ಹೂಡೂನು. ಸಾಹೇಬ್ರು ಅರ್ಧಾ ಕುಣಿ ಮೊದಲ ತೋಡಿಸಿ ಇಟ್ಟಾರಲ್ರಿ" ಎಂದ. ನಕ್ಕೆವು, ನೀಲವ್ವನೂ ನಕ್ಕಳು. ನಾಲ್ಕು ದಿನದಲ್ಲಿ ಕುಣಿ ತೋಡಿ ಕಟ್ಟಿದ. ಮಳೆನೀರು ಬರದ ಹಾಗೆ ಸುತ್ತ ಒಂದು ಗೇಣು ಕಟ್ಟೆ ಎತ್ತಿದ. ಮೇಲೆ ಕಬ್ಬಿಣದ ಚೌಕಟ್ಟು ಕೂಡಿಸಿ ತಗಡಿನ ಪತ್ರಾಸು ಹೊದಿಸಿದ. ಬಡಗಣ ಬದಿಗೆ ಮಾತ್ರ ಎರಡು ಅಡಿ ತೆರವು ಬಿಟ್ಟ, ಬೆಳಕು ಸೀದಾ ನೂಲಿನ ಮೇಲೆ ಬೀಳಲಿ ಎಂದು. ಎಷ್ಟು ತೆರವು ಬೇಕು ಎಂಬುದನ್ನು ಕುಣಿಯಲ್ಲಿ ಕೂತು ನೀಲವ್ವನೇ ಹೇಳಿದಳು. ನಾನು ನಕ್ಷೆ ಬರೆಯಲಿಲ್ಲ. ಯಾರೂ ಕೇಳಲಿಲ್ಲ.

ಸರ್‌ಗೆ ಹೇಳುವುದನ್ನು ನಾಳೆ ನಾಳೆ ಎಂದು ದೂಡಿದೆ. ಅಷ್ಟರಲ್ಲಿ ದೊಡ್ಡವರು ಬಂದೇಬಿಟ್ಟರು. ಬಾದಾಮಿಯಿಂದ ಇಳಕಲ್ಲಿಗೆ ಹೋಗುವ ದಿನ ಬೆಳಿಗ್ಗೆ, "ಸರ್, ಬಯಲಿನ್ಯಾಗ ಸ್ವಲ್ಪ ಬದಲಾವಣಿ ಆಗೇತ್ರಿ" ಎಂದೆ. "ಆಗಲಿ, ಬಯಲು ಜೀವಂತ ಇರಬೇಕು" ಎಂದು ಸರ್ ಹೊಸ ಅಂಗಿಯ ಗುಂಡಿ ಹಾಕಿಕೊಂಡರು. ಇನ್ನೊಮ್ಮೆ ಹೇಳಬೇಕೆಂದುಕೊಂಡು ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಕಾರು ಹೊರಟಿತು.

ದೊಡ್ಡವರು ಎಂಬತ್ತರ ಹತ್ತಿರದವರು. ಬಿಳಿ ಜುಬ್ಬಾ, ಕಪ್ಪು ದುಂಡು ಚಷ್ಮಾ, ಜೊತೆಗೆ ಒಬ್ಬ ಫೋಟೋಗ್ರಾಫರ್. ಪತ್ರಾಸಿನಲ್ಲಿ ಏನಾದರೂ ಹೆಚ್ಚುಕಡಿಮೆಯಿದ್ದರೆ ಎಂದು ನಾನು ಹೇಳಿ ಕರೆಸಿದ್ದ ಯಮನಪ್ಪ ಬಾಗಿಲಲ್ಲೇ ನಿಂತಿದ್ದ. ಒಳಗೆ ಕಾಲಿಡುವ ಮೊದಲೇ ಮಗ್ಗದ ಸಪ್ಪಳ ಕೇಳಿತು. ಸರ್ ಮುಖ ಪತ್ರಾಸಿನ ಬಣ್ಣಕ್ಕೆ ತಿರುಗಿತು. ದೊಡ್ಡವರು ಮಾತ್ರ ಮೆಟ್ಟಿಲಿಳಿದು, ಸೀದಾ ಹೋಗಿ ಮಗ್ಗದ ಪಕ್ಕ ನಿಂತು, ಕಣ್ಣು ಮುಚ್ಚಿದರು.

ನೀಲವ್ವ ಲಾಳಿ ನಿಲ್ಲಿಸಿದಳು. "ಅಕ್ಕಾ, ಅಜ್ಜಾರಿಗೆ ಸ್ವಲ್ಪ ಸರೀರಿ ಅನ್ರಿ. ಬೆಳಕಿಗೆ ಅಡ್ಡ ನಿಂತಾರ" ಎಂದಳು.

ದೊಡ್ಡವರು ಕಣ್ಣು ತೆರೆದು, ಆಕೆ ಏನಂದಳು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸರ್, ನಿಮ್ಮಿಂದ ತನಗೆ ಬೆಳಕಿನ ಅರಿವಾಯಿತು ಎನ್ನುತ್ತಾಳೆ ಎಂದರು. ದೊಡ್ಡವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಮನಸ್ಸು ತುಂಬಿ ಬಂದು ಅಲ್ಲೇ ಇನ್ನಷ್ಟು ಗಟ್ಟಿಯಾಗಿ ನಿಂತರು. ನೀಲವ್ವ ಕೈ ಕಟ್ಟಿ ಕಾಯುತ್ತಿದ್ದಳು. ಕಡೆಗೆ ನಾನೇ ಹೋಗಿ ಅವರ ಮೊಣಕೈ ಹಿಡಿದು ಎರಡು ಹೆಜ್ಜೆ ಆಚೆ ಕರೆದುಕೊಂಡು ಬಂದೆ. ಬೆಳಕು ನೂಲಿನ ಮೇಲೆ ಬಿತ್ತು, ಲಾಳಿ ಓಡಿತು. ಮೂವತ್ತು ವರ್ಷದಲ್ಲಿ ಆರ್ಕಿಟೆಕ್ಟರೊಬ್ಬರನ್ನು ನಾನು ತಿದ್ದಿದ್ದು ಅದೇ ಮೊದಲು.

ಆಮೇಲೆ ದೊಡ್ಡವರು ಮಾತಾಡಿದರು. ತಾನು ಜೀವನಪೂರ್ತಿ ಹೇಳಿದ ಖಾಲಿ ಜಾಗ ಇದೇ, ಇದು ಖಾಲಿಯಲ್ಲ, ತುಂಬಲು ಕಾದು ಕೂತದ್ದು ಎಂದರು. ಈ ಪತ್ರಾಸು ಯಾರ ವಿಚಾರ ಎಂದು ಕೇಳಿದಾಗ ಸರ್, ಅದು ಈ ಜಾಗದಿಂದಲೇ ಹುಟ್ಟಿತು ಎಂದರು. ದೊಡ್ಡವರು ಏನೆನ್ನುತ್ತಾರೆ ಎಂದು ಯಮನಪ್ಪ ನನ್ನನ್ನು ಕೇಳಿದ. ಚಲೋ ಆಗೇತಿ ಅಂತಾರ ಎಂದೆ. "ಎರಡು ಕಡೆ ಸೋರತೈತಿ, ವಾಶರ್ ಕಡಿಮಿ ಬಿದ್ದಾವ ಅಂತ ಹೇಳಿಬಿಡ್ರಿ. ಆಮ್ಯಾಲೆ ನನ್ನ ಹೆಸರಿಗೆ ಬರೂದು ಬ್ಯಾಡ" ಎಂದ.

ಅರ್ಧ ಗಂಟೆಯ ಮಟ್ಟಿಗೆ ಮಗ್ಗ ಪಕ್ಕಕ್ಕೆ ಸರಿಸಬಹುದೇ ಎಂದು ಫೋಟೋಗ್ರಾಫರ್ ಸರ್ ಕಡೆಯಿಂದ ಕೇಳಿಸಿದ. ನೀಲವ್ವ ತಲೆ ಎತ್ತದೆ, "ಹಾಸು ಅರ್ಧಕ್ಕೈತಿ" ಎಂದಳು. ಅದನ್ನು ಸರ್ ಅನುವಾದಿಸಲಿಲ್ಲ.

ದೊಡ್ಡವರು ಅಲ್ಲಿಂದಲೇ ಹೊಸಪೇಟೆ ಕಡೆ ಹೋದರು. ನಾವಿಬ್ಬರೂ ಬಾಗಲಕೋಟೆಗೆ ಹೊರಟೆವು. ಹುನಗುಂದ ದಾಟಿದ ಮೇಲೆ ಸರ್ ಅಮೀನಗಡದಲ್ಲಿ ಚಹಾಕ್ಕೆ ನಿಲ್ಲಿಸಿದರು.

"ಮಗ್ಗ ಎಷ್ಟು ಅಡಿ ಇತ್ತು?" ಎಂದರು.

"ಹದಿನಾಲ್ಕು ಸರ್."

"ನಕ್ಷಿದಾಗ?"

"ಹತ್ತು. ನೀವು ಕೂಡಸು ಅಂದಿದ್ರಿ."

"ಅಂದಿದ್ದೆ, ಹೌದು." ಕಪ್ಪು ಕೆಳಗಿಟ್ಟರು. "ನೀ ಯಾಕ ಇನ್ನೊಮ್ಮೆ ಹೇಳಲಿಲ್ಲಾ, ಗಿರಿಜಾ?"

ಹೆದರಿದ್ದೆ ಎಂದರೆ ಸುಳ್ಳಾಗುತ್ತಿತ್ತು. ಸರ್ ಯಾರನ್ನೂ ಹೆದರಿಸುವವರಲ್ಲ. ದಾರಿಯುದ್ದಕ್ಕೂ ಯೋಚಿಸಿದೆ. ಸರ್ ಸಿದ್ಧಾಂತಗಳನ್ನು ನೋಡಿ ಇಷ್ಟು ವರ್ಷ ನಕ್ಕೆನಲ್ಲ, ನನ್ನದೂ ಒಂದು ಸಿದ್ಧಾಂತ ಇತ್ತು. ತಲೆ ಅವರದು, ಕೈ ನನ್ನದು ಎಂಬುದು. ಅವರದು ವರ್ಷಕ್ಕೊಮ್ಮೆಯಾದರೂ ಬದಲಾಗುತ್ತಿತ್ತು. ನನ್ನದು ಬದಲಾಗಲೇ ಇಲ್ಲ. ಅವರ ತಪ್ಪನ್ನು ಮಾಸ್ತರರ ಮೊಳೆ, ಮಂಗ, ಊರ ಮಂದಿ ಎಲ್ಲರೂ ತಿದ್ದಿದರು. ನನ್ನದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಗೆರೆಯ ಉದ್ದದಲ್ಲಿ ಅಡಗಿ ಕೂತಿತ್ತು. ಕೆಲಸಕ್ಕೆ ಹೊರಟ ಹುಡುಗಿಯರೇ, ಸಾಹೇಬರ ಸಿದ್ಧಾಂತಕ್ಕೆ ಹೆದರಬೇಡಿ, ಅದು ಊರಿಗೆಲ್ಲ ಕಾಣುತ್ತದೆ. ನಿಮ್ಮದನ್ನು ನೋಡಿಕೊಳ್ಳಿ.

ಮುಂದಿನ ಚಳಿಗಾಲ ಸರ್ ಹುಬ್ಬಳ್ಳಿಯಲ್ಲಿ ಭಾಷಣ ಮಾಡಿದರು. ಹೊಸ ಸಿದ್ಧಾಂತ, ಈ ಸಲ ಯಾರಿಂದಲೂ ತಂದದ್ದಲ್ಲ, ಸ್ವಂತದ್ದು: ಮನೆಯನ್ನು ಆರ್ಕಿಟೆಕ್ಟ್ ಉದ್ದೇಶಪೂರ್ವಕವಾಗಿ ಅಪೂರ್ಣ ಬಿಡಬೇಕು, ಇರುವವರು ಪೂರ್ಣ ಮಾಡುತ್ತಾರೆ. ಪರದೆಯ ಮೇಲೆ ನೀಲವ್ವನ ಪತ್ರಾಸು ದೊಡ್ಡದಾಗಿ ಬಂತು. ಜನ ಚಪ್ಪಾಳೆ ತಟ್ಟಿದರು. "ಉದ್ದೇಶಪೂರ್ವಕ" ಎನ್ನುವಾಗ ಮೂರನೇ ಸಾಲಿನಲ್ಲಿ ಕೂತಿದ್ದ ನನ್ನನ್ನು ನೋಡಿದರು. ನೀರು ಕುಡಿದು ಮುಂದುವರಿಸಿದರು.

ಅದಾಗಿ ಸ್ವಲ್ಪ ದಿನಕ್ಕೆ ಇಳಕಲ್ಲಿನ ಒಬ್ಬ ನೇಕಾರ ಮನೆ ಕಟ್ಟಿಸಬೇಕೆಂದು ಆಫೀಸಿಗೆ ಬಂದ. ಸರ್ ಅವನನ್ನು ತಮ್ಮ ಕೋಣೆಗೆ ಕರೆದರು. ಅವನು ಬಾಗಿಲಲ್ಲೇ ನಿಂತು, "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ಇಲ್ಲಿ ನಕ್ಷಿ ಬರಿಯೂ ಅಕ್ಕಾರು ಯಾರ್ರಿ?" ಎಂದ. ನಾನೇ ಎಂದು ಕೈ ಎತ್ತಿದೆ.

"ನೀಲವ್ವ ಕಳಿಸ್ಯಾಳ್ರಿ" ಎಂದ. "ಆ ಅಕ್ಕಾರು ಒಮ್ಮೆ ತಪ್ಪ ಅಳತಿ ಬರದಾರ, ಇನ್ನ ಜಲ್ಮದಾಗ ಬರಿಯಂಗಿಲ್ಲ, ಅವರ ಕಡೀಂದನ ಬರಸು ಅಂದ್ಲು."

ಸರ್ ಅದನ್ನು ಕೇಳಿಸಿಕೊಂಡರು. ಎದ್ದು ಬಂದು, ತಮ್ಮ ಕೋಣೆಯ ಕುರ್ಚಿಯೊಂದನ್ನು ತಾವೇ ಎತ್ತಿಕೊಂಡು ಬಂದು, ಅವನಿಗೆ ನನ್ನ ಟೇಬಲ್ಲಿನ ಎದುರಿಗೆ ಹಾಕಿದರು.